ದೋಹಾದಲ್ಲಿ ಸಿಂಹಳದ ಕೆರೆ ಕಟ್ಟಿದ್ದು

ಕಟ್ಟಡಗಳ ಮಾಡೆಲ್ ಮಾಡುವ ಕೆಲಸಕ್ಕೆ ಸೇರಬೇಕು, ಹೇಗಿರುತ್ತೆ ಹೇಳಿ ಎಂದು ಈಚೆಗೆ ಇಬ್ಬರು ಹುಡುಗಿಯರು ಮನೆಗೆ ಬಂದು ಕೇಳಿದರು. ಕೂರಿಸಿ, ಕಾಫಿ ಕೊಟ್ಟು, ಇದ್ದದ್ದನ್ನು ಹೇಳಿದೆ: "ಜೀವನಪೂರ್ತಿ ಗಿಡ ಅಂಟಿಸ್ತಾ ಇರ್ತೀರಿ ಕಣ್ರಮ್ಮಾ." ಅವರು ನಕ್ಕರು. ನಾನು ತಮಾಷೆಗೆ ಹೇಳಿರಲಿಲ್ಲ. ಯಾವ ಗಿರಾಕಿ ಬರಲಿ, ಕಟ್ಟಡದ ಮಾದರಿಯನ್ನು ಒಂದು ಸುತ್ತು ಹಾಕಿ ಮೊದಲು ಹೇಳುವ ಮಾತು, "ಗಿಡ ಸಾಲದು." ಎರಡನೆಯದು, "ನೀರು ಇನ್ನೂ ನೀಲಿ ಇರಲಿ." ಆ ಕಟ್ಟಡ ನಿಲ್ಲುವುದು ಹುಲ್ಲುಕಡ್ಡಿಯೂ ಹುಟ್ಟದ ಮರಳಿನಲ್ಲಿ. ಅದನ್ನು ಅವರಿಗೆ ಹೇಳುವ ಹಾಗಿಲ್ಲ.

ಮೈಸೂರಿನಲ್ಲಿ ಚಿತ್ರಕಲೆ ಕಲಿತು, ಬೆಂಗಳೂರಿನ ಆರ್ಕಿಟೆಕ್ಟ್ ಒಬ್ಬರ ಆಫೀಸಿನಲ್ಲಿ ರಟ್ಟು ಕತ್ತರಿಸಿಕೊಂಡಿದ್ದವಳು ನಾನು. ನಮ್ಮ ಯಜಮಾನರಿಗೆ ದೋಹಾದ ವಿಮಾ ಕಂಪನಿಯೊಂದರಲ್ಲಿ ಕೆಲಸ ಸಿಕ್ಕಿತು. ಬಿನ್ ಮಹಮೂದ್ ಬಡಾವಣೆಯಲ್ಲಿ ಮನೆ ಮಾಡಿದೆವು. ಎರಡು ಸಾವಿರದ ಇಸವಿಯ ಆಚೀಚಿನ ಮಾತು. ಊರಿಗೆ ಊರೇ ಮೇಲೇಳುತ್ತಿತ್ತು. ಅಡಿಪಾಯ ತೋಡುವ ಮೊದಲೇ ಪ್ರತಿ ಗೋಪುರಕ್ಕೂ ಗಾಜಿನ ಪೆಟ್ಟಿಗೆಯಲ್ಲಿ ಒಂದು ಮಾದರಿ ಬೇಕು. ಇಂಡಸ್ಟ್ರಿಯಲ್ ಏರಿಯಾದ ವರ್ಕ್‌ಶಾಪ್ ಒಂದರಲ್ಲಿ ನನಗೂ ಕೆಲಸವಾಯಿತು. ಅಲ್ಲಿಯ ಮ್ಯಾನೇಜರ್ ಫಾದಿ ಲೆಬನಾನಿನವನು. ಮನಸ್ಸು ಒಳ್ಳೆಯದೇ. ಆದರೆ ಯಾರ ವಾಕ್ಯವನ್ನೂ ಕೊನೆಯವರೆಗೆ ಕೇಳಿದವನಲ್ಲ. ನೀವು "ಆದರೆ" ಎನ್ನುವಷ್ಟರಲ್ಲಿ ಅವನು "ಖಲಾಸ್" ಎಂದಿರುತ್ತಿದ್ದ.

ಒಂದು ಉದಾಹರಣೆ ಕೊಡುತ್ತೇನೆ. ಉಮ್ಮ್ ಸಲಾಲ್‌ನಲ್ಲಿ ಕಟ್ಟಲಿದ್ದ ವಿಲ್ಲಾಗಳ ಮಾದರಿ ತಯಾರಾಗಿತ್ತು. ಜುಲೈ ತಿಂಗಳು. ತಂಪು ಪೆಟ್ಟಿಗೆಯ ಲಾರಿಯಲ್ಲೇ ಕಳಿಸಬೇಕು, ಬಿಸಿಲಿಗೆ ಅಂಟು ಬಿಡುತ್ತೆ ಎಂದು ಹೇಳಲು ಹೋದೆ. "ಖಲಾಸ್ ಸುಮಿತ್ರಾ, ಹತ್ತಿರದ ದಾರಿ," ಎಂದು ತೆರೆದ ಪಿಕಪ್ಪಿಗೆ ಹೇರಿಸಿದ. ಗಿರಾಕಿಯ ಮುಂದೆ ಹೊದಿಕೆ ತೆಗೆದಾಗ ಬೀದಿಗಳೆಲ್ಲ ಖಾಲಿ, ವಿಲ್ಲಾಗಳೆಲ್ಲ ಒಂದು ಮೂಲೆಗೆ ಜಾರಿ ದೊಡ್ಡಿಯಲ್ಲಿ ನಿಂತ ಕುರಿಗಳ ಹಾಗೆ ಮೈಗೆ ಮೈ ತಾಗಿಸಿಕೊಂಡು ಕೂತಿದ್ದವು. ಫಾದಿ ನನ್ನ ಕಡೆ ತಿರುಗಿ, "ಅಂಟು ಸರಿಯಿಲ್ಲ," ಎಂದ.

ಆಮೇಲೆ ಲೇಸರ್ ಕತ್ತರಿಸುವ ಯಂತ್ರ ಬಂತು. ಕೈಯಲ್ಲಿ ಬ್ಲೇಡು ಹಿಡಿದು ಕಿಟಕಿ ಕೊರೆಯುತ್ತಿದ್ದ ನಮಗೆ ಬೆರಳು ಉಳಿಯಿತು, ನಿಜ. ಆದರೆ ಯಂತ್ರ ಬಂದ ಮರುದಿನದಿಂದಲೇ ಕೆಲಸಕ್ಕೆ ಕೊಡುತ್ತಿದ್ದ ಸಮಯ ಅರ್ಧವಾಯಿತು. ಯಂತ್ರ ಕತ್ತರಿಸುತ್ತದೆ. ಜೋಡಿಸುವವರು ಯಾರು? ಹೊಸದಾಗಿ ಬರುವವರು ಇದೊಂದನ್ನು ನೆನಪಿಡಿ. ಯಾವ ಹೊಸ ಉಪಕರಣ ಬಂದರೂ ಅದು ಉಳಿಸಿದ ಹೊತ್ತು ನಿಮ್ಮ ಪಾಲಿಗೆ ಬರುವುದಿಲ್ಲ.

ಈಗ ಕೆರೆಯ ವಿಷಯ.

ಹಳೆಯ ಕಾಲದ ಜನ ನೀರನ್ನು ಹೇಗೆ ಕಾಪಾಡಿಕೊಂಡರು ಎಂದು ತೋರಿಸುವ ಪ್ರದರ್ಶನವೊಂದು ದೋಹಾದಲ್ಲಿ ಏರ್ಪಾಡಾಯಿತು. ಒಂದೊಂದು ದೇಶದ್ದು ಒಂದೊಂದು ಮಾದರಿ. ನಮ್ಮ ವರ್ಕ್‌ಶಾಪಿಗೆ ಬಂದದ್ದು ಶ್ರೀಲಂಕಾ. ಫಾದಿ ನನಗೆ ಕೊಟ್ಟ ವಿವರಣೆ ಇಷ್ಟೇ: "ಒಂದು ಲೇಕ್. ತೆಂಗಿನ ಮರ. ಆನೆ. ನಿಜವಾದ ನೀರು. ಯಲ್ಲಾ, ಬೇಗ."

ಅಲ್ಲಿಯವರೆಗೆ ನಾನು ನೀರೆಂದು ಮಾಡಿದ್ದೆಲ್ಲ ಬಣ್ಣ ಕಲಸಿದ ರಾಳ. ಸುರಿದರೆ ಗಟ್ಟಿಯಾಗಿ ಇದ್ದಲ್ಲೇ ಇರುತ್ತದೆ. ನಿಜವಾದ ನೀರು ಹಾಗಲ್ಲ. ಅದು ಹೇಳಿದ ಮಾತು ಕೇಳುವುದಿಲ್ಲ.

ಮಾರ್ಗದರ್ಶನಕ್ಕೆಂದು ಆಯೋಜಕರು ಕಳಿಸಿದವರು ಜಯತಿಲಕ ಎಂಬ ಎಂಜಿನಿಯರ್. ಶ್ರೀಲಂಕಾದ ನೀರಾವರಿ ಇಲಾಖೆಯಲ್ಲಿ ಬಹಳ ಕಾಲ ದುಡಿದು, ಆಮೇಲೆ ದೋಹಾಕ್ಕೆ ಬಂದು ಚರಂಡಿ ಯೋಜನೆಗಳಿಗೆ ಸಲಹೆಗಾರರಾಗಿದ್ದವರು. ಅಲ್ ಹಿಲಾಲ್‌ನಲ್ಲಿ ಹೆಂಡತಿಯೊಂದಿಗೆ ಇದ್ದರು. ಇಸ್ತ್ರಿ ಮಾಡಿದ ಬಿಳಿ ಶರ್ಟು, ಎದೆಯ ಜೇಬಿನಲ್ಲಿ ಪೆನ್ಸಿಲ್ಲು. ಬಂದವರೇ ಆನೆಗಳ ಪೊಟ್ಟಣ ನೋಡಿದರು.

"ಇವು ಯಾಕೆ?"

"ಹೇಳಿದ್ದಾರೆ ಸರ್."

"ಎತ್ತಿಡಿ. ಇದು ಸರ್ಕಸ್ ಅಲ್ಲ."

ಅವರು ಮೇಜಿನ ಮೇಲೆ ಕಾಗದ ಹರಡಿ ಬಿಡಿಸಿ ತೋರಿಸಿದರು. ಒಂದು ಕೆರೆ ಅಲ್ಲ, ಒಂದೇ ಕಣಿವೆಯಲ್ಲಿ ಒಂದರ ಕೆಳಗೊಂದು ಕೆರೆಗಳ ಸಾಲು. ಮೇಲಿನ ಕೆರೆಯ ನೀರು ಗದ್ದೆಗೆ ಹರಿದು, ಗದ್ದೆಯಿಂದ ಬಸಿದದ್ದು ಕೆಳಗಿನ ಕೆರೆಗೆ ಸೇರಿ, ಅಲ್ಲಿಂದ ಇನ್ನೊಂದು ಊರಿನ ಗದ್ದೆಗೆ. ಸಿಂಹಳದ ರಾಜರು ಮಳೆ ಕಡಿಮೆ ಬೀಳುವ ಸೀಮೆಯಲ್ಲಿ ಹೀಗೆ ಕಟ್ಟಿಸಿಯೇ ಭತ್ತ ಬೆಳೆಸಿದ್ದು.

ನಾನು ಮಂಡ್ಯ, ಮೈಸೂರು ಕಡೆಯವಳು. ಏರಿ, ತೂಬು, ಕೋಡಿ ನೋಡಿಕೊಂಡೇ ಬೆಳೆದವಳು. ಸಂತೋಷದಲ್ಲಿ, "ಅಯ್ಯೋ, ನಮ್ಮ ಕೆರೆಗಳ ಹಾಗೇ ಇದೆ ಸರ್," ಎಂದುಬಿಟ್ಟೆ.

ಅವರ ಮುಖ ಕೆಂಪಗಾಯಿತು. "ಇಂಡಿಯಾದವರೆಲ್ಲ ಮೊದಲು ಹೇಳೋ ಮಾತು ಇದೇ. ನಿಮ್ಮ ತೂಬು ಕೆರೆ ಒಳಗೆ ನಿಂತಿರುತ್ತೆ, ಕೊರಡು ಎತ್ತಿ ನೀರು ಬಿಡ್ತೀರಿ. ನಮ್ಮದು ನೋಡಿ." ಏರಿಯ ಒಳಮೈಗೆ ಒಂದು ಚೌಕ ಬರೆದರು. ಕಲ್ಲು ಕಟ್ಟಿದ ಬಾವಿಯಂಥದ್ದು. ಬಿಸೋಕೊಟುವ ಎಂದು ಅದರ ಹೆಸರು. ದೊಡ್ಡ ಕೆರೆಯ ನೀರು ನೇರವಾಗಿ ಕಾಲುವೆಗೆ ನುಗ್ಗಿದರೆ ಏರಿಯನ್ನೇ ಕೊರೆದುಬಿಡುತ್ತದೆ. ಅದಕ್ಕೆ ಮೊದಲು ಈ ಬಾವಿಗೆ ಬಂದು, ಅಲ್ಲಿ ರಭಸ ಕಳೆದುಕೊಂಡು, ಆಮೇಲೆ ಸಾವಧಾನವಾಗಿ ಹೊರಗೆ ಹೋಗುತ್ತದೆ. ಕೇಳಿದ ಮೇಲೆ ನನಗೂ ಬೆರಗಾಯಿತು. ಬೆರಗಾಗಿದೆ ಎಂದು ಹೇಳಲು ಮಾತ್ರ ಅವರು ಬಿಡಲಿಲ್ಲ. ಮುಂದಿನ ತಗಾದೆ ಶುರು ಮಾಡಿದ್ದರು.

ಅವರ ಹಟ ಏನೆಂದರೆ, ಎಲ್ಲವೂ ಅಳತೆಗೆ ಸರಿಯಾಗಿರಬೇಕು. ಆ ದೊಡ್ಡ ಕಾಲುವೆಗಳ ಇಳಿಜಾರು ಕಣ್ಣಿಗೆ ಕಾಣದಷ್ಟು ಕಡಿಮೆ. ಅದನ್ನು ಮೇಜಿನಷ್ಟಕ್ಕೆ ಕುಗ್ಗಿಸಿದರೆ ಇಳಿಜಾರೇ ಇರುವುದಿಲ್ಲ. ಮಾದರಿಯಲ್ಲಿ ಎಲ್ಲವೂ ಚಿಕ್ಕದಾಗುತ್ತದೆ, ನೀರಿನ ಹನಿ ಮಾತ್ರ ಆಗುವುದಿಲ್ಲ. ಬೆರಳಗಲದ ಕಾಲುವೆಯಲ್ಲಿ ನೀರು ಬಿಟ್ಟರೆ ಮುತ್ತಿನ ಹಾಗೆ ಗುಂಡಗೆ ಕೂತಿತು, ಅಲುಗಲಿಲ್ಲ.

ಪಂಪು, ಪೈಪು ನೋಡಿಕೊಳ್ಳುತ್ತಿದ್ದ ಪೂವಪ್ಪ ಬಂಟ್ವಾಳದವನು. ಬಗ್ಗಿ ನೋಡಿ, "ಇದು ಎಂತ ಅಕ್ಕ, ನೀರು ಹೋಗುದೇ ಇಲ್ಲ ಅಲ್ಲ?" ಎಂದ.

"ಇಳಿಜಾರು ಜಾಸ್ತಿ ಮಾಡೋಣ ಸರ್," ಎಂದೆ ಜಯತಿಲಕರಿಗೆ.

"ಆಗ ಅದು ಕಾಲುವೆ ಆಗಲ್ಲ, ಚರಂಡಿ ಆಗುತ್ತೆ. ಚರಂಡಿ ಕೆಲಸ ಹಗಲೆಲ್ಲ ಮಾಡ್ತೀನಿ. ಇಲ್ಲಿಗೆ ಬಂದಿರೋದು ಅದಕ್ಕಲ್ಲ."

ನೀರಿಗೆ ಪಾತ್ರೆ ತೊಳೆಯುವ ಸೋಪು ಬೆರೆಸಿದೆ. ಹರಿಯಿತು. ಹರಿದು ಪಂಪಿಗೆ ಹೋಗಿ, ಕೆರೆಗಳ ತುಂಬ ನೊರೆಯಾಗಿ ಎದ್ದು, ಸಿಂಹಳದ ರಾಜ್ಯವೆಲ್ಲ ಬಟ್ಟೆ ಒಗೆಯುವ ಕಲ್ಲಿನ ಹಾಗೆ ಕಂಡಿತು. ಜಯತಿಲಕರು ಕಾರು ಹತ್ತಿ ಹೋದರು. ಒಂದು ವಾರ ಫೋನು ತೆಗೆಯಲಿಲ್ಲ.

ಅವರು ಮತ್ತೆ ಬಂದ ಮೇಲೆ ಇಬ್ಬರೂ ಅರ್ಧರ್ಧ ಸೋತೆವು. ಉದ್ದದ ಕಾಲುವೆ ಬಿಟ್ಟೆವು. ಒಂದರ ಕೆಳಗೊಂದು ಮೂರು ಕೆರೆ, ಅವುಗಳ ಗದ್ದೆ, ಪಕ್ಕದಲ್ಲಿ ಒಳಗು ಕಾಣುವ ಹಾಗೆ ಸೀಳಿ ತೋರಿಸಿದ ಬಿಸೋಕೊಟುವದ್ದೊಂದು ದೊಡ್ಡ ಮಾದರಿ. ಆದರೆ ಏರಿಯನ್ನು ಫೈಬರ್‌ಗ್ಲಾಸಿನಲ್ಲಿ ಮಾಡುತ್ತೇನೆಂದರೆ ಒಪ್ಪಲಿಲ್ಲ. ಮಣ್ಣಿನದೇ ಆಗಬೇಕು. ಕತಾರಿನ ಮಣ್ಣು ಸುಣ್ಣ, ಮರಳು. ಹಿಡಿದರೆ ಬೆರಳ ಸಂದಿಯಲ್ಲಿ ಸೋರಿಹೋಗುತ್ತದೆ. ನಾನು, ಪೂವಪ್ಪ ಉಮ್ಮ್ ಸಲಾಲ್ ಕಡೆಯ ನರ್ಸರಿಗಳನ್ನೆಲ್ಲ ಅಲೆದು, ಕೊನೆಗೊಂದು ತೋಟದಲ್ಲಿ ಹೊರದೇಶದಿಂದ ತರಿಸಿ ಮೂಲೆಗೆ ಹಾಕಿದ್ದ ಜೇಡಿಮಣ್ಣಿನ ಚೀಲ ಕಂಡೆವು. ಊರಲ್ಲಿ ಕಾಲಿಗೆ ಮೆತ್ತಿದರೆ ಬಯ್ದುಕೊಂಡು ತೊಳೆಯುವ ಮಣ್ಣನ್ನು ಅಲ್ಲಿ ಕೈಮುಗಿದು ಬೇಡಿ ತಂದೆವು.

ಮಣ್ಣು ಮೆಟ್ಟಿ, ಪದರ ಪದರವಾಗಿ ಬಡಿದು, ಒಳಮೈಗೆ ಅಲೆ ತಡೆಯುವ ಕಲ್ಲು ಹೊದಿಸಿದೆವು. ಜಯತಿಲಕರು ಶರ್ಟಿನ ತೋಳು ಮಡಚಿ ಜೊತೆಗೆ ನಿಂತರು. ಮೂರನೆಯ ಕೆರೆಯ ಕೆಳಗೆ ಗುಡಿಸಲುಗಳನ್ನು ಇಡುವಾಗ, "ಇಲ್ಲಿ ಒಂದು ಮನೆ ಜಾಸ್ತಿ ಇಡಿ," ಎಂದು ಒಂದು ಜಾಗ ತೋರಿಸಿದರು. ಯಾಕೆಂದು ಕೇಳಲಿಲ್ಲ. ಅವರನ್ನು ಕೇಳಿದರೆ ಒಂದು ಗಂಟೆ ಹೋಗುತ್ತದೆ.

ಸಣ್ಣ ಪಂಪು ಹಾಕಿ ಪರೀಕ್ಷೆ ಮಾಡಿದೆವು. ಮೊದಲ ಕೆರೆ ತುಂಬಿ ಕೋಡಿ ಹರಿದು ಎರಡನೆಯದಕ್ಕೆ, ಅಲ್ಲಿಂದ ಮೂರನೆಯದಕ್ಕೆ. ಬಹಳ ನಿಧಾನ. ಆದರೆ ಸರಿಯಾಗಿ.

ಆಯೋಜಕರ ಕಡೆಯಿಂದ ಬಂದ ಇಂಗ್ಲಿಷ್ ಮೇಡಂ ನೋಡಿ, "ನೀರು ಕಂದು ಬಣ್ಣ ಇದೆ," ಎಂದರು. ಆಮೇಲೆ ಬಗ್ಗಿ, "ಚಲಿಸುತ್ತಾ ಇದೆಯಾ?" ಎಂದರು.

"ಚಲಿಸ್ತಿದೆ ಮೇಡಂ," ಎಂದರು ಜಯತಿಲಕ. "ಅರ್ಧ ಗಂಟೆ ನಿಂತು ನೋಡಿದರೆ ಕಾಣುತ್ತೆ."

"ಯಾರೂ ಅರ್ಧ ಗಂಟೆ ನಿಲ್ಲಲ್ಲ."

ಫಾದಿ ತಲೆಯಾಡಿಸಿದ. ಆಗಲೇ ನನಗೆ ಭಯವಾಗಬೇಕಿತ್ತು. ಪ್ರದರ್ಶನದ ಹಿಂದಿನ ದಿನ ನಾವ್ಯಾರೂ ಇಲ್ಲದ ಹೊತ್ತಿಗೆ ಅವನು ಇನ್ನೊಂದು ಕೆಲಸಕ್ಕೆ ತಂದಿಟ್ಟಿದ್ದ ಕಾರಂಜಿಯ ಪಂಪನ್ನು ತಂದು ಇದಕ್ಕೆ ಜೋಡಿಸಿಬಿಟ್ಟಿದ್ದ.

ಉದ್ಘಾಟನೆಯ ಸಂಜೆ ಗಣ್ಯರು ಬಂದು ನಿಂತರು. ಗುಂಡಿ ಒತ್ತಿದರು. ನೀರು ಹರಿಯಲಿಲ್ಲ, ನುಗ್ಗಿತು. ಕೋಡಿಯಲ್ಲಿ ಹಿಡಿಸದೆ ಮೊದಲ ಕೆರೆಯ ಏರಿಯ ಮೇಲೇ ಹತ್ತಿತು. ನಾನು "ಆಫ್ ಮಾಡು!" ಎಂದು ಕೂಗಿದೆ. ಪೂವಪ್ಪ ಓಡಿದ. ಸ್ವಿಚ್ಚು ಬೀಗ ಹಾಕಿದ ಪೆಟ್ಟಿಗೆಯೊಳಗೆ, ಬೀಗದ ಕೈ ಸಭಾಂಗಣದ ಎಲೆಕ್ಟ್ರಿಷಿಯನ್ ಹತ್ತಿರ, ಅವನು ನಮಾಜಿಗೆ ಹೋಗಿದ್ದ. ಏರಿಯ ನಡುವೆ ಒಂದು ಗೀರು ಬಿತ್ತು. ಗೀರು ಬಾಯಿ ತೆರೆಯಿತು. ಮೊದಲ ಕೆರೆ ಒಡೆದು ಎರಡನೆಯದರ ಮೇಲೆ ಬಿತ್ತು. ಎರಡನೆಯದೂ ಹೋಯಿತು.

"ಕೋಡಿ ಕಡೆ ಕಡೀರಿ!" ಎಂದು ಜಯತಿಲಕರು ಕೂಗಿದರು. ಅವರ ಆ ದನಿ ನಾನು ಮೊದಲು ಕೇಳಿರಲಿಲ್ಲ. ಸೀರೆ ಉಟ್ಟಿದ್ದೆ. ಹಾಗೇ ಅಡ್ಡ ಕಟ್ಟಿದ್ದ ಹಗ್ಗ ದಾಟಿ ಮೊಣಕಾಲೂರಿ ಮೂರನೆಯ ಕೆರೆಯ ಬದಿಯನ್ನು ಬೆರಳಿನಲ್ಲಿ ಬಗೆದೆ. ಅವರೂ ಎದುರಿಗೆ ಕೂತು ಬಗೆದರು. ನೀರು ಪಕ್ಕಕ್ಕೆ ತಿರುಗಿ, ತಗ್ಗು ಮೇಜಿನ ಅಂಚು ದಾಟಿ, ಹೊಸ ಕಾರ್ಪೆಟ್ಟಿನ ಮೇಲೆ, ಗಣ್ಯರ ಬೂಟುಗಳ ಮೇಲೆ ಬಿತ್ತು. ಕೆಳಗಿನ ಊರು ಉಳಿಯಿತು.

ನನ್ನ ಕೆಲಸ ಹೋಯಿತು ಎಂದುಕೊಂಡು ತಲೆ ಎತ್ತಿದರೆ ಎಲ್ಲರೂ ಚಪ್ಪಾಳೆ ತಟ್ಟುತ್ತಿದ್ದರು.

"ಅದ್ಭುತ!" ಎಂದರು ಇಂಗ್ಲಿಷ್ ಮೇಡಂ. "ದಿನಾ ಸಂಜೆ ಇದನ್ನೇ ಮಾಡಿ."

ತಮಾಷೆ ಎಂದುಕೊಂಡೆ. ಅಲ್ಲ. ಮರುದಿನ ಬೆಳಿಗ್ಗೆ ಫಾದಿ ಬಂದು, "ಮೂರೂ ಕೆರೆ ಒಡೀಬೇಕಂತೆ. ಮನೆಗಳು ಕೊಚ್ಚಿಹೋದರೆ ಇನ್ನೂ ಚೆನ್ನ. ತೇಲೋ ಹಾಗೆ ಮಾಡು," ಎಂದ.

"ಫಾದಿ, ಇದು ನೀರು ಹೇಗೆ ಕಾಪಾಡಿದರು ಅಂತ ತೋರಿಸೋ ಪ್ರದರ್ಶನ."

"ಜನ ಬರ್ತಿದ್ದಾರೆ. ಖಲಾಸ್."

ಹೀಗೆ ಬೆಳಿಗ್ಗೆ ಕಟ್ಟುವುದು, ಸಂಜೆ ಒಡೆಯುವುದು. ಬೇರೆ ದೇಶಗಳ ಮಾದರಿಗಳ ಮುಂದೆ ನೊಣವಿಲ್ಲ, ನಮ್ಮದರ ಮುಂದೆ ಜಾತ್ರೆ. ಒಡೆದ ಕೂಡಲೇ "ಓ!" ಎಂದು ಕೂಗಿ, ಫೋಟೋ ಹೊಡೆದುಕೊಂಡು, ಬಿಸೋಕೊಟುವದ ಕಡೆ ತಿರುಗಿಯೂ ನೋಡದೆ ಹೋಗುತ್ತಿದ್ದರು. ಪೂವಪ್ಪನಿಗೂ ತಲೆ ಕೆಟ್ಟಿತು. "ಇವರಿಗೆ ಎಂತ ಆಗಿದೆ ಮಾರಾಯ್ರೆ, ಕಟ್ಟುದು ನೋಡ್ಲಿಕ್ಕೆ ಒಬ್ಬನೂ ಬರುದಿಲ್ಲ," ಎಂದು ಮಣ್ಣು ಕಲಸುತ್ತ ಗೊಣಗುತ್ತಿದ್ದ.

ಜಯತಿಲಕರು ಒಂದು ಸಂಜೆ ನೋಡಿದರು. ಗುಡಿಸಲುಗಳು ತಿರುಗುತ್ತ ತೇಲಿಹೋಗುವಾಗ ಎದ್ದು ಹೊರಟರು. ನಾನು ಅವರ ಮನೆಗೆ ಫೋನು ಮಾಡಿ, ನೀವಾದರೂ ಬಂದು ಆಯೋಜಕರಿಗೆ ಹೇಳಿ ಸರ್, ನನ್ನ ಮಾತು ಯಾರು ಕೇಳ್ತಾರೆ ಎಂದು ಸ್ವಲ್ಪ ಗಟ್ಟಿಯಾಗಿಯೇ ಕೇಳಿದೆ. ಅವರು ಹೇಳಿದರು:

"ನಮ್ಮ ಊರು ಹಾಗೇ ಮೂರನೇ ಕೆರೆ ಕೆಳಗಿತ್ತು. ಮೇಲಿನ ಊರಿನವರು ಏರಿ ರಿಪೇರಿ ಮಾಡದೆ ಬಿಟ್ಟಿದ್ದರು. ಅದು ಒಡೆದಾಗ ನಾನು ಸ್ಕೂಲಲ್ಲಿದ್ದೆ. ಸಂಜೆ ಬಂದು ನೋಡಿದರೆ ಮನೆ ಇದ್ದ ಕಡೆ ಮನೆ ಇರಲಿಲ್ಲ. ಅಮ್ಮ ಹುಣಸೆ ಮರ ಹತ್ತಿ ಬದುಕಿದ್ದಳು. ಅಜ್ಜಿ ಸಿಗಲಿಲ್ಲ. ನಾನು ಇಲಾಖೆಗೆ ಸೇರಿದ್ದೇ ಅದಕ್ಕೆ ಸುಮಿತ್ರಾ. ಅಷ್ಟು ವರ್ಷ ಮಾಡಿದ್ದು ಏರಿ ಒಡೆಯದ ಹಾಗೆ ನೋಡಿಕೊಳ್ಳೋ ಕೆಲಸ."

ಮರುದಿನ ಬೆಳಿಗ್ಗೆ ಗುಡಿಸಲುಗಳನ್ನು ಮತ್ತೆ ಜೋಡಿಸುವಾಗ, ಅವರು ಜಾಸ್ತಿ ಇಡಿಸಿದ್ದ ಆ ಒಂದು ಮನೆ ಯಾರದೆಂದು ಗೊತ್ತಾಯಿತು.

ಶುಕ್ರವಾರ ಬಂತು. ಎಲ್ಲರಿಗೂ ರಜೆ. ಅವತ್ತು ಶ್ರೀಲಂಕಾದವರೇ ಹೆಚ್ಚು ಬಂದರು. ನರ್ಸುಗಳು, ಡ್ರೈವರುಗಳು, ಬ್ಯಾಂಕಿನವರು, ಮನೆಗೆಲಸದ ಹೆಂಗಸರು, ಮಕ್ಕಳು. ನಮ್ಮ ದೇಶದ ಕೆರೆ ಇದೆಯಂತೆ ಎಂದು ಬಿಳಿ ಬಟ್ಟೆ ಹಾಕಿಕೊಂಡು ಬಂದಿದ್ದರು. ಜಯತಿಲಕರನ್ನೂ ಅವರ ಹೆಂಡತಿ ಬಲವಂತ ಮಾಡಿ ಕರೆತಂದಿದ್ದರು. ಫಾದಿ ಗಡಿಯಾರ ನೋಡಿ ಗುಂಡಿ ಒತ್ತಿಸಿದ.

ಒಡೆಯಿತು. ಒಂದು, ಎರಡು, ಮೂರು. ಮನೆಗಳು ತೇಲಿದವು.

ಒಬ್ಬರೂ ಚಪ್ಪಾಳೆ ತಟ್ಟಲಿಲ್ಲ. ಒಬ್ಬ ಹೆಂಗಸು ಬಾಯಿಗೆ ಸೆರಗು ಒತ್ತಿಕೊಂಡಳು. ಆಮೇಲೆ ನರ್ಸ್ ಒಬ್ಬರು ಹಗ್ಗ ದಾಟಿ ಬಂದು ಬಗ್ಗಿ, ಕೊಚ್ಚಿಹೋದ ಮಣ್ಣನ್ನು ಅಂಗೈಯಲ್ಲಿ ಬಳಿದು ಏರಿ ಇದ್ದ ಜಾಗಕ್ಕೆ ಒತ್ತಿದರು. ಅವರ ಹಿಂದೆ ಇನ್ನೊಬ್ಬರು. ಗಾರ್ಡು "ಮಾಫಿ ಟಚ್, ಮಾಫಿ ಟಚ್", ಮುಟ್ಟಬೇಡಿ, ಎನ್ನುತ್ತ ಓಡಿ ಬಂದ. ಅಷ್ಟು ಜನರನ್ನು ಅವನೊಬ್ಬ ಏನು ಮಾಡುತ್ತಾನೆ? ಜಯತಿಲಕರು ಕನ್ನಡಕ ತೆಗೆದು ಹೆಂಡತಿಯ ಕೈಗೆ ಕೊಟ್ಟು, ಬಿಳಿ ಶರ್ಟಿನಲ್ಲೇ ಮಂಡಿಯೂರಿದರು. ಸಿಂಹಳ ಭಾಷೆಯಲ್ಲಿ ಏನೇನೋ ಹೇಳತೊಡಗಿದರು. ಜನ ಸಾಲಾಗಿ ಕೂತು ಬಡಿದರು. ಕೋಡಿಯನ್ನು ಜಯತಿಲಕರೇ ತಮ್ಮ ಕೈಯಲ್ಲಿ ಅಗಲ ಮಾಡಿದರು. ಕಾರಂಜಿಯ ಪಂಪಿನ ನೀರಿಗೆ ಸಾಲುವಷ್ಟು ಅಗಲ.

"ಸರ್, ಅಳತೆ ತಪ್ಪುತ್ತೆ," ಎಂದೆ. ಅಷ್ಟು ದಿನದ ಸೇಡು ನನಗೂ ಇತ್ತು.

"ತಪ್ಪಲಿ," ಎಂದರು ತಲೆ ಎತ್ತದೆ.

ಫಾದಿ ನನ್ನನ್ನು ಬದಿಗೆ ಕರೆದ. "ನಾಳೆ ಒಡೆಯೋ ಹಾಗೆ ಮಾಡಿಡು. ಬೆಳಿಗ್ಗೆ ಬಂದು ಸಡಿಲ ಮಾಡು."

"ಆಗಲ್ಲ."

"ಏನು?"

"ನಾನು ಮಾಡಲ್ಲ. ಪೂವಪ್ಪನೂ ಮಾಡಲ್ಲ. ಬೇಕಾದರೆ ನೀನೇ ಮಣ್ಣಿಗೆ ಕೈ ಹಾಕು."

ಅಷ್ಟು ವರ್ಷಗಳಲ್ಲಿ ಮೊದಲ ಸಲ ಅವನು ನನ್ನ ವಾಕ್ಯವನ್ನು ಪೂರ್ತಿ ಕೇಳಿದ. ಕೇಳಿ, ಫೋನು ಕಿವಿಗಿಟ್ಟುಕೊಂಡು ಹೊರಗೆ ಹೋದ. ಆ ಕೈಕೆಲಸಕ್ಕೆ ಬೇರೆ ಯಾರೂ ಸಿಗಲಿಲ್ಲವೋ, ಅವನಿಗೇ ಏನನ್ನಿಸಿತೋ ಗೊತ್ತಿಲ್ಲ. ಬೆಳಿಗ್ಗೆ ಹೋಗಿ ನೋಡಿದಾಗ ಏರಿ ಹಾಗೇ ಇತ್ತು.

ಶನಿವಾರ ಸಂಜೆ ಮತ್ತೆ ಜನ ಕ್ಯಾಮೆರಾ ಹಿಡಿದು ಸೇರಿದರು. ಇಂಗ್ಲಿಷ್ ಮೇಡಂ ಕೂಡ ಅತಿಥಿಗಳನ್ನು ಕರೆದುಕೊಂಡು ಬಂದಿದ್ದರು. ಗುಂಡಿ ಒತ್ತಿದರು. ನೀರು ನುಗ್ಗಿತು, ಏರಿತು, ಅಗಲವಾದ ಕೋಡಿಯ ಮೇಲಿಂದ ಹಾಳೆಯ ಹಾಗೆ ಇಳಿದು ಎರಡನೆಯ ಕೆರೆಗೆ ಹೋಯಿತು. ಜನ ಕಾದರು. ಏರಿ ಅಲುಗಲಿಲ್ಲ. ಒಂದು ಮಗು "ವೆನ್ ವಿಲ್ ಇಟ್ ಬ್ರೇಕ್?" ಎಂದಿತು. ಕ್ಯಾಮೆರಾಗಳು ಒಂದೊಂದಾಗಿ ಕೆಳಗಿಳಿದವು. ಜನ ಕರಗತೊಡಗಿದರು.

"ಏನೂ ಆಗ್ತಾ ಇಲ್ಲವಲ್ಲ!" ಎಂದರು ಮೇಡಂ.

"ಹೌದು ಮೇಡಂ," ಎಂದರು ಜಯತಿಲಕ. "ಏನೂ ಆಗಬಾರದು ಅಂತಲೇ ಕಟ್ಟಿದ್ದು."

ಮೇಡಂ ಅತಿಥಿಗಳನ್ನು ಕರೆದುಕೊಂಡು ಪಕ್ಕದ ಮಾದರಿಗೆ ಹೋದರು. ಆಮೇಲಿನ ದಿನಗಳಲ್ಲಿ ನಮ್ಮ ಮೇಜಿನ ಮುಂದೆಯೂ ನೊಣವಿರಲಿಲ್ಲ. ಆ ಆಯೋಜಕರು ನಮ್ಮ ವರ್ಕ್‌ಶಾಪಿಗೆ ಮತ್ತೆ ಕೆಲಸ ಕೊಡಲೂ ಇಲ್ಲ. ಫಾದಿ ಅದನ್ನು ನನಗೆ ಬಹಳ ಕಾಲ ನೆನಪಿಸುತ್ತಿದ್ದ.

ಆ ಶನಿವಾರ ಮಾತ್ರ ಎಲ್ಲರೂ ಹೋದ ಮೇಲೆ ಪೂವಪ್ಪ ಎಲ್ಲಿಂದಲೋ ಎರಡು ಕುರ್ಚಿ ತಂದು ಹಾಕಿದ. ಜಯತಿಲಕರು ಕೂತರು. ನಾನೂ ಕೂತೆ. ಮೂರನೆಯ ಕೆರೆ ತುಂಬಿತು, ತೂಬಿನಿಂದ ನೀರು ಸಣ್ಣಗೆ ಹೊರಬಿತ್ತು, ಒಂದೊಂದೇ ಗದ್ದೆಯನ್ನು ಒದ್ದೆ ಮಾಡುತ್ತ ಹೋಗಿ ಕೊನೆಯ ಬದುವಿನ ಮೂಲೆ ಮುಟ್ಟಿತು. ಅವರು ಬಗ್ಗಿ ಆ ಮೂಲೆಯ ಒದ್ದೆ ಮಣ್ಣನ್ನು ಒತ್ತಿ ನೋಡಿ, ಜೇಬಿನಿಂದ ಕರವಸ್ತ್ರ ತೆಗೆದು, ಬೆರಳಿಗೆ ಅಂಟಿದ್ದ ಮಣ್ಣನ್ನು ಒರೆಸಿಕೊಳ್ಳಲು ಶುರು ಮಾಡಿದರು.